ಮೇ ಇಪ್ಪತ್ತೆಂಟು, ಏನೂ ಆಗಲಿಲ್ಲ

ಜೂನಿಗೆ ಶಾಲೆ ಶುರು. ಗರ್ವಾಲೆಯ ತಿರುವುಗಳಲ್ಲಿ
ಹನ್ನೊಂದು ಮಕ್ಕಳು ನನ್ನ ಜೀಪಿಗೆ ಕಾಯುತ್ತಾರೆ.
ಬೇಸಿಗೆಯ ಟಯರು ಸವೆದು ಸವೆದು
ತಲೆ ಬೋಳಿಸಿದಷ್ಟು ನುಣುಪು.
ಗೋಡೌನಿನ ಮೂಲೆಯಿಂದ ಮಳೆಗಾಲದ ನಾಲ್ಕನ್ನು
ಉರುಳಿಸಿಕೊಂಡು ಬಂದೆವು, ನಾನು, ತಂಗಿಯ ಮಗಳು ಪೂವಿ.
ಹಲಸಿನ ಹಾಗೆ ಮುಳ್ಳುಮುಳ್ಳು ಮೈ;
ಸಂದಿಯಲ್ಲಿ ಹೋದ ವರ್ಷದ ಕೆಸರು,
ಕೆಸರಲ್ಲಿ ದಾರದಂತೆ ಒಣಗಿದ ಒಂದು ಜಿಗಣೆ.
ಕಡ್ಡಿಯಲ್ಲಿ ಎತ್ತಿ ಹಿಡಿದಳು:
"ಬಲ್ಯವ್ವಾ, ಟಿಕೆಟ್ ತಗೊಳ್ಳದ ಪ್ಯಾಸೆಂಜರ್."

ಇಳಿಜಾರು ಬೇಡ. ಕಾಫಿ ಒಣಗಿಸುವ ಕಣ,
ಸಿಮೆಂಟು, ಸಮ.
ಗೇರು ಹಾಕು, ಹ್ಯಾಂಡ್‌ಬ್ರೇಕ್ ಎಳೆ, ಆದರೂ ನಂಬಬೇಡ.
ಎತ್ತುವ ಮೂಲೆಯ ಎದುರು ಮೂಲೆಗೆ
ಹಿಂದೊಂದು ಮುಂದೊಂದು ಸಿಲ್ವರ್ ಓಕಿನ ಬೆಣೆ.
ಕಲ್ಲು ಬೇಡ, ಕಲ್ಲಿಗೂ ಉರುಳುವುದು ಗೊತ್ತು.
ಜ್ಯಾಕಿನಡಿಗೆ ಹಲಗೆ.
ನಟ್ಟು ಸಡಿಲಿಸುವುದು ಚಕ್ರ ನೆಲದಲ್ಲಿರುವಾಗಲೇ;
ಗಾಳಿಯಲ್ಲಿ ತೂಗುವುದರ ಜೊತೆ ಜಗಳ ಬೇಡ.

ಐದರಲ್ಲಿ ಒಂದೂ ಮಾತು ಕೇಳಲಿಲ್ಲ.
ಪಾನಕ್ಕೆ ಪೈಪು ತೂರಿಸಿ ಉದ್ದ ಮಾಡಿದೆ.
ಪೂವಿ ಅದರ ಮೇಲೆ ಹತ್ತಿ ಕುಣಿಯಲು ಹೊರಟಳು.
ಇಳಿ, ಎಂದೆ. ಕಾಲು ಜಾರಿದರೆ
ಪೈಪು ಮೊದಲು ಹುಡುಕುವುದು ಹಲ್ಲನ್ನು.
ಆಮೇಲೆ ನೆನಪಾಯಿತು:
ಹಳೇ ಜೀಪು, ಎಡಗಡೆಯ ನಟ್ಟುಗಳದ್ದು ಉಲ್ಟಾ ಬುದ್ಧಿ.
ಇಷ್ಟು ಹೊತ್ತು ನಾನೇ ಬಿಗಿಯುತ್ತಿದ್ದೆ.
ಪೂವಿ ನಗಲಿಲ್ಲ. ನಗದೇ ಇರುವುದಕ್ಕೆ
ಆಕಾಶ ನೋಡಬೇಕಾಯಿತು.

ಬಿಚ್ಚಿದ ಚಕ್ರವನ್ನು ಗೋಡೆಗೆ ಒರಗಿಸಬೇಡ.
ಮಲಗಿಸಿ, ಜೀಪಿನ ಚೌಕಟ್ಟಿನಡಿಗೆ ತಳ್ಳು.
"ಯಾಕೆ? ಮತ್ತೆ ತೆಗೆಯಬೇಕಲ್ಲ?"
ಮಾದಾಪುರದಲ್ಲಿ ಪಂಚರ್ ಹಾಕುವ ಮೊಯ್ದು ಕಾಕ
ನನಗೆ ಹೇಳಿಕೊಟ್ಟದ್ದು. ನಾನೂ ಕೇಳಿದ್ದೆ, ಯಾಕೆ.
ಅವರು ಎಡಗೈ ಎತ್ತಿ ತೋರಿಸಿದ್ದರು.
ಮೂರು ಬೆರಳು.

ಆಗ ಟಕ್ ಎಂದಿತು.
ಒಣಗಿದೆಯೋ ಇಲ್ಲವೋ ಎಂದು ಕಾಫಿ ಬೀಜ
ಹಲ್ಲಲ್ಲಿ ಕಡಿದಷ್ಟೇ ಸದ್ದು.
ಕಣದ ಸಿಮೆಂಟಿನಡಿ ಯಾವ ಹೆಗ್ಗಣವೋ
ಹಲವು ಬೇಸಿಗೆ ಸಂಸಾರ ಮಾಡಿತ್ತು.
ಹಲಗೆ ವಾಲಿತು, ಜ್ಯಾಕು ಮಂಡಿಯೂರಿತು,
ಜೀಪು ಕೆಳಗೆ ಬಂತು
ಮಲಗಿದ್ದ ಬೋಳು ಟಯರಿನ ಮೇಲೆ ಕೂತು
ಒಂದು ಸಲ ಉಸ್ ಎಂದಿತು.

ಪೂವಿಯ ಕೈ ಎಲ್ಲಿತ್ತೋ ಅಲ್ಲೇ ಇತ್ತು,
ಬ್ರೇಕ್ ಡ್ರಮ್ಮಿಗೂ ನೆಲಕ್ಕೂ ನಡುವೆ:
ಕೈ, ಮತ್ತು ಅಂಗೈಯಗಲ ಗಾಳಿ.

ಹಿಂದಕ್ಕೆಳೆದುಕೊಂಡು ಎಣಿಸಿದಳು. ಐದು.
ನಾನು ಹಿಡಿದು ಎಣಿಸಿದೆ. ಐದು.
ಏನೂ ಆಗದ ಇನ್ನೊಂದು ಕೈಯನ್ನೂ ಎಣಿಸಿದೆ.

ಅಗಲದ ಹಲಗೆ, ಬೇರೆ ಜಾಗ, ಮತ್ತೆ ಮೊದಲಿನಿಂದ.
ಬಿಗಿಯುವಾಗ ಒಂದರ ಪಕ್ಕದ್ದಲ್ಲ, ಆಚೆಯದ್ದು.
ಹಬ್ಬಕ್ಕೆ ಬಂದ ನೆಂಟರನ್ನು ವಿಚಾರಿಸುವ ಹಾಗೆ;
ಒಂದೇ ಕಡೆ ಕೂತರೆ ಇನ್ನೊಂದು ಕಡೆಗೆ ಮುನಿಸು.
ಎರಡನೆಯ ಚಕ್ರ ಬಿಚ್ಚಿದಾಗ ನಾನು ಬಾಯಿ ತೆರೆಯುವ ಮೊದಲೇ
ಪೂವಿ ಅದನ್ನು ಅಡಿಗೆ ತಳ್ಳಿ,
ಕಾಲಲ್ಲಿ ಇನ್ನೊಂದಿಷ್ಟು ಒಳಕ್ಕೆ ನೂಕಿದಳು.
ನಾಳೆ ಸೋಮವಾರಪೇಟೆಗೆ ಹೋಗಿ ಬಂದು
ಎಲ್ಲವನ್ನೂ ಮತ್ತೊಮ್ಮೆ ಬಿಗಿಯಬೇಕು.

ರಾತ್ರಿ ತಂಗಿಯ ಫೋನು: ಏನಾಯಿತು ಇವತ್ತು?
ಪೂವಿ ನನ್ನ ಮುಖ ನೋಡಿದಳು.
ಹೋದ ಬೆರಳಿನ ಕಥೆ ಮದುವೆ ಮನೆಗಳಲ್ಲಿ
ಮೂವತ್ತು ವರ್ಷ ಬಾಳುತ್ತದೆ.
ಉಳಿದ ಬೆರಳಿಗೆ ಏನೆಂದು ಹೇಳುವುದು?
"ಏನಿಲ್ಲಮ್ಮ," ಅಂದಳು, "ಟಯರ್ ಹಾಕಿದೆವು."

ಮಲಗುವ ಮೊದಲು ನೋಡಿದರೆ
ಬಿಸ್ಕೆಟ್ ಡಬ್ಬಿಯ ಮುಚ್ಚಳದಲ್ಲಿ ಒಂದು ನಟ್ಟು.
ಟಾರ್ಚು ಹಿಡಿದು ಕಣಕ್ಕೆ ಓಡಿದೆವು, ನಾಲ್ಕೂ ಚಕ್ರ ಸುತ್ತಿದೆವು.
ಇಪ್ಪತ್ತು. ಇಪ್ಪತ್ತೂ ಇವೆ.
ಇದು ಯಾವ ಕಾಲದ್ದೋ, ಯಾವ ಗಾಡಿಯದ್ದೋ.
ಪೂವಿ ಅದನ್ನು ಜೇಬಿಗೆ ಹಾಕಿಕೊಂಡು,
ಬಗ್ಗಿ,
ಮೊದಲಿನಿಂದ ಎಣಿಸತೊಡಗಿದಳು.